ರಸ್ತೆ ಸರಿಯಿಲ್ಲ, ನೋಟ ಅದ್ಭುತ

ಬೆಟ್ಟಕ್ಕೆ ಹೋಗಿಬಂದ ನಮ್ಮವರು ಬರೆಯುವ ಲೇಖನಗಳಲ್ಲಿ ಎರಡು ವಾಕ್ಯ ತಪ್ಪುವುದೇ ಇಲ್ಲ. ಒಂದು, "ಪ್ರಕೃತಿಯ ಮಡಿಲಲ್ಲಿ ನಮ್ಮನ್ನೇ ಮರೆತೆವು." ಇನ್ನೊಂದು ಸಾಮಾನ್ಯವಾಗಿ ಕೊನೆಯ ಪ್ಯಾರಾದಲ್ಲಿ ಬರುತ್ತದೆ: "ರಸ್ತೆ ಮಾತ್ರ ತೀರಾ ಹದಗೆಟ್ಟಿದೆ, ಸರ್ಕಾರ ಇತ್ತ ಗಮನ ಹರಿಸಬೇಕು." ದೆಹಲಿಯಿಂದ ಸ್ಪಿತಿಗೆ ಹೋದವರೂ ಇದನ್ನೇ ಬರೆಯುತ್ತಾರೆ, ಪುಣೆಯಿಂದ ಹರಿಶ್ಚಂದ್ರಗಡಕ್ಕೆ ಹೋದವರೂ ಇದನ್ನೇ ಬರೆಯುತ್ತಾರೆ. ಮೊದಲನೆಯ ವಾಕ್ಯ ಸವೆದುಹೋಗಿದೆ, ಅಷ್ಟೇ. ಅದರಿಂದ ಯಾರಿಗೂ ಕೇಡಿಲ್ಲ. ನನ್ನ ಜಗಳ ಎರಡನೆಯದರ ಜೊತೆ. ಯಾಕೆಂದರೆ ಸರ್ಕಾರ ನಿಜಕ್ಕೂ ಇತ್ತ ಗಮನ ಹರಿಸಿಬಿಟ್ಟಿದೆ.

ಹರಿಸಿದ ಗಮನ ಹೇಗಿದೆ ಎಂದು ನೋಡಬೇಕಾದರೆ ಚಂಡೀಗಢ ದಾಟಿ ಪರವಾಣೂದಿಂದ ಸೋಲನ್ ಕಡೆಗೆ ಹೋಗಬೇಕು. ಕಳೆದ ದಸರೆಗೆ ನಾನೂ ಗೆಳೆಯನೂ ಅವನ ಕಾರಿನಲ್ಲಿ ಅದೇ ದಾರಿಯಲ್ಲಿ ಹೋದೆವು. ಡಿಕ್ಕಿಯಲ್ಲಿ ಒಂದು ಟೆಂಟು, ಎರಡು ಮಲಗುವ ಚೀಲ, ಒಂದು ಗ್ಯಾಸ್ ಸ್ಟೋವ್, ಅವನ ತಾಯಿ ಹುಬ್ಬಳ್ಳಿಯಿಂದ ಕಳಿಸಿದ ಶೇಂಗಾ ಚಟ್ನಿಪುಡಿ. ಕೈಯಲ್ಲಿ ಒಂಬತ್ತು ದಿನ. ಗೆಳೆಯ ಸಿವಿಲ್ ಎಂಜಿನಿಯರ್, ಗುರುಗ್ರಾಮದ ಕಂಪನಿಯೊಂದರಲ್ಲಿ ರಸ್ತೆ, ಸೇತುವೆಗಳ ನಕ್ಷೆ ಹಾಕುವವನು. ಹಾಗಾಗಿ ನಾನು ಇಲ್ಲಿ ಹೇಳುವ ಯಾವ ಮಾತೂ ಅವನೆದುರು ಸುಲಭಕ್ಕೆ ದಾಟಲಿಲ್ಲ.

ಪರವಾಣೂ ದಾಟಿದ ಮೇಲೆ ನಾಲ್ಕು ಪಥ. ಎಡಕ್ಕೋ ಬಲಕ್ಕೋ ನೋಡಿದರೆ ಬೆಟ್ಟವನ್ನು ಬೆಣ್ಣೆ ಕತ್ತರಿಸಿದಂತೆ ನೆಟ್ಟಗೆ ಕತ್ತರಿಸಿದ ಗೋಡೆ. ಅಲ್ಲಲ್ಲಿ ಕಬ್ಬಿಣದ ಬಲೆ, ಸಿಮೆಂಟಿನ ಹೊದಿಕೆ, ಅದನ್ನೂ ಹರಿದುಕೊಂಡು ಇಳಿದ ಮಣ್ಣು. 2023ರ ಆಗಸ್ಟಿನಲ್ಲಿ ಇದೇ ದಾರಿಯ ಚಕ್ಕೀ ಮೋಡ್ ಎಂಬಲ್ಲಿ ರಸ್ತೆ ಕುಸಿದು ಶಿಮ್ಲಾದ ಸಂಪರ್ಕವೇ ಕಡಿದುಹೋಗಿತ್ತು. ಗೆಳೆಯ ಮಾತ್ರ ಖುಷಿಯಲ್ಲಿದ್ದ. "ನೋಡಲೇ, ಈ ಫೋರ್ ಲೇನ್ ಇಲ್ಲಂದಿದ್ರ ನಾವಿನ್ನೂ ಪಿಂಜೋರ್‌ದಾಗ ಕುಂತಿರ್ತಿದ್ವಿ" ಅಂದ. ನಿಜ. ಅಲ್ಲೇ ಪಕ್ಕದಲ್ಲಿ ಕಾಲ್ಕಾ–ಶಿಮ್ಲಾ ಚಿಕ್ಕ ರೈಲಿನ ಹಳಿ ಕಾಣುತ್ತಿತ್ತು. 1903ರಲ್ಲಿ ಓಡತೊಡಗಿದ ರೈಲು, 96 ಕಿಲೋಮೀಟರ್ ದಾರಿ, ಎರಡೂವರೆ ಅಡಿ ಅಗಲದ ಹಳಿ. ಬೆಟ್ಟ ತಿರುಗಿದಲ್ಲಿ ತಿರುಗಿ, ಬಗ್ಗಿದಲ್ಲಿ ಬಗ್ಗಿ, ಐದು ತಾಸಿಗೂ ಹೆಚ್ಚು ತೆಗೆದುಕೊಂಡು ಮೇಲೆ ಹೋಗುತ್ತದೆ. ಅದಕ್ಕೇನೂ ಆಗಿಲ್ಲ ಅನ್ನಲಾರೆ. ಅದೇ ಆಗಸ್ಟಿನಲ್ಲಿ ಶಿಮ್ಲಾದ ಸಮ್ಮರ್ ಹಿಲ್ ಬಳಿ ಕೆಳಗಿನ ನೆಲ ಕೊಚ್ಚಿಹೋಗಿ ಹಳಿ ಗಾಳಿಯಲ್ಲಿ ನೇತಾಡಿದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಆದರೆ ಒಂದು ಶತಮಾನಕ್ಕೂ ಹೆಚ್ಚು ಬಾಳಿದ ಮೇಲೆ ಬಿದ್ದ ಪೆಟ್ಟು ಅದು. ಈ ಅಗಲ ರಸ್ತೆಗೆ ಒಂದು ದಶಕದ ಆಯುಸ್ಸೂ ಆಗಿಲ್ಲ.

ಸೋಲನ್ನಿನ ಆಚೆ ಒಂದು ಢಾಬಾದಲ್ಲಿ ಪರಾಠಾ ತಿನ್ನುತ್ತ ಬಿಲ್ಲಿನ ಹಿಂದೆ ಗೆಳೆಯನೇ ಒಂದು ಲೆಕ್ಕ ಹಾಕಿ ತೋರಿಸಿದ. ಈ ಬರಹದಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದ್ದು ಏನಾದರೂ ಇದ್ದರೆ ಅದೊಂದೇ. 45 ಡಿಗ್ರಿ ಇಳಿಜಾರಿನ ಬೆಟ್ಟ ಎಂದಿಟ್ಟುಕೊಳ್ಳಿ. ಅದರ ಮೈಯಲ್ಲಿ 5 ಮೀಟರ್ ಅಗಲದ ರಸ್ತೆಗಾಗಿ ಒಳಕ್ಕೆ ನೆಟ್ಟಗೆ ಕಡಿದರೆ ಪಕ್ಕದಲ್ಲಿ 5 ಮೀಟರ್ ಎತ್ತರದ ಗೋಡೆ ಏಳುತ್ತದೆ. 10 ಮೀಟರ್ ಅಗಲಕ್ಕೆ ಕಡಿದರೆ 10 ಮೀಟರ್ ಎತ್ತರದ ಗೋಡೆ. ಅಗಲ ಎರಡು ಪಟ್ಟಾದರೆ ಕಡಿದು ತೆಗೆಯುವ ಮಣ್ಣು, ಕಲ್ಲು ನಾಲ್ಕು ಪಟ್ಟಾಗುತ್ತದೆ. ಬೆಟ್ಟ ಇನ್ನೂ ಕಡಿದಾಗಿದ್ದರೆ ಗೋಡೆ ಇನ್ನೂ ಎತ್ತರ. ಓರೆಯಾಗಿ ಕಡಿದರೆ ಬೆಟ್ಟ ನಿಂತೀತು, ಆದರೆ ಅದಕ್ಕೆ ಮೇಲಿನ ತೋಟ, ಮನೆ, ಕಾಡನ್ನೆಲ್ಲ ಕೊಳ್ಳಬೇಕು. ಅಷ್ಟು ಜಾಗ ಇರುವುದಿಲ್ಲ, ಅಷ್ಟು ದುಡ್ಡನ್ನು ಯಾರೂ ಕೊಡುವುದಿಲ್ಲ. ಹಾಗಾಗಿ ನೆಟ್ಟಗೆ ಕಡಿಯುತ್ತಾರೆ. ತೆಗೆದ ಮಣ್ಣನ್ನು ಎಲ್ಲಿ ಹಾಕುವುದು? ದೂರ ಸಾಗಿಸುವುದು ದುಬಾರಿ. ನದಿ ಕೆಳಗೇ ಇದೆ.

"ಹಂಗಾರ ನಿನ್ ಲೆಕ್ಕದ ಪ್ರಕಾರಾನ ಇದು ತಪ್ಪಲ್ಲೇನೋ ಮಾರಾಯ?" ಅಂತ ಅವನ ಧಾಟಿಯಲ್ಲೇ ಕೇಳಿದೆ. "ಲೆಕ್ಕ ಬ್ಯಾರೆ, ಟೆಂಡರ್ ಬ್ಯಾರೆ" ಅಂದ. ಮೂವತ್ತು ಪುಟದ ವರದಿ ಹೇಳಬಹುದಾದ್ದನ್ನು ನಾಲ್ಕು ಪದದಲ್ಲಿ ಮುಗಿಸಿದ.

ಈ ಲೆಕ್ಕ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಉತ್ತರಾಖಂಡದ ಚಾರ್‌ಧಾಮ್ ಹೆದ್ದಾರಿ ಯೋಜನೆಗೆ 2016ರ ಡಿಸೆಂಬರಿನಲ್ಲಿ ಚಾಲನೆ ಸಿಕ್ಕಿತು. ಒಟ್ಟು ಸುಮಾರು 900 ಕಿಲೋಮೀಟರ್. 100 ಕಿಲೋಮೀಟರಿಗೂ ಹೆಚ್ಚಿನ ಹೆದ್ದಾರಿಗೆ ಪರಿಸರ ಪರಿಣಾಮದ ಅಧ್ಯಯನ ಆಗಬೇಕು. ಯೋಜನೆಯನ್ನು 53 ತುಂಡು ಮಾಡಿದರು. ಒಂದೊಂದೂ 100ಕ್ಕಿಂತ ಕಡಿಮೆ, ಅಧ್ಯಯನದ ಗೊಡವೆಯೇ ಇಲ್ಲ. ಕೋರ್ಟು ನೇಮಿಸಿದ ಸಮಿತಿಗೆ ರವಿ ಚೋಪ್ರಾ ಅಧ್ಯಕ್ಷರು. ಅವರೂ ಸಮಿತಿಯ ಕೆಲವರೂ 5.5 ಮೀಟರ್ ಅಗಲ ಸಾಕು ಎಂದರು. 2020ರ ಸೆಪ್ಟೆಂಬರಿನಲ್ಲಿ ಕೋರ್ಟು ಅದನ್ನು ಒಪ್ಪಿತು. 2021ರ ಡಿಸೆಂಬರಿನಲ್ಲಿ, ಗಡಿಗೆ ಸೈನ್ಯ ಸಾಗಬೇಕೆಂಬ ವಾದದ ಮೇಲೆ, 10 ಮೀಟರಿಗೆ ಅನುಮತಿ ಕೊಟ್ಟಿತು. ಕೆಲವೇ ವಾರಗಳಲ್ಲಿ ಚೋಪ್ರಾ ಸಮಿತಿಯಿಂದ ಹೊರಬಂದರು. ಢಾಬಾದ ಬಿಲ್ಲಿನ ಲೆಕ್ಕವನ್ನು ಇಲ್ಲಿಗೆ ಹಚ್ಚಿ ನೋಡಿ. 5.5ರಿಂದ 10 ಎಂದರೆ ಕಡಿತ ಮೂರು ಪಟ್ಟಿಗೂ ಹೆಚ್ಚು. ಅದೇ ಯೋಜನೆಯ ಸಿಲ್ಕ್ಯಾರಾ ಸುರಂಗ 2023ರ ನವೆಂಬರ್ 12ರಂದು ಕುಸಿದು 41 ಕಾರ್ಮಿಕರು 17 ದಿನ ಒಳಗೆ ಸಿಕ್ಕಿಕೊಂಡಿದ್ದರು. ದೊಡ್ಡ ಯಂತ್ರ ಕೈಕೊಟ್ಟ ಮೇಲೆ ಅವರನ್ನು ಹೊರತಂದವರು ಇಲಿಬಿಲದಂಥ ಗಣಿಗಳಲ್ಲಿ ಕೈಯಿಂದ ಕೊರೆದು ಬದುಕುವ ಕೂಲಿಗಳು.

ಸೈನ್ಯದ ಮಾತಿಗೆ ಉತ್ತರಿಸುವಷ್ಟು ತಿಳಿವಳಿಕೆ ನನಗಿಲ್ಲ, ಬಿಡಿ. ಆದರೆ ರಸ್ತೆ ಅಗಲ ಮಾಡಲು ಸಿಗುವ ಎರಡನೆಯ ಸಮರ್ಥನೆ ನಾವು. ನೀವು, ನಾನು, ಗುರುಗ್ರಾಮ, ನೋಯ್ಡಾ, ಹಿಂಜೆವಾಡಿ, ಹೈಟೆಕ್ ಸಿಟಿಯಲ್ಲಿ ಕೂತು ಕ್ಯಾಲೆಂಡರಿನಲ್ಲಿ ಶುಕ್ರವಾರ ಬಿದ್ದ ಸರ್ಕಾರಿ ರಜೆಗಳನ್ನು ಜನವರಿಯಲ್ಲೇ ಗುರುತು ಹಾಕಿಟ್ಟುಕೊಳ್ಳುವವರು. ನಮಗೆ ಮೂರು ದಿನದಲ್ಲಿ ಬೆಟ್ಟ ಬೇಕು. ಹೋಗಲು ಒಂದು ದಿನ, ಬರಲು ಒಂದು ದಿನ, ನಡುವೆ ಒಂದು ದಿನದ ಚಾರಣ, ರಾತ್ರಿ ಟೆಂಟು, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೀಟಿಂಗು. ಬೆಟ್ಟ ಮುಟ್ಟಿಸದೆ ಉಳಿದಿರಬೇಕು, ನಾವು ಮಾತ್ರ ಬೇಗ ಮುಟ್ಟಬೇಕು. ಅಗಲ ರಸ್ತೆಯಿಂದ ಉಳಿಯುವ ನಾಲ್ಕು ತಾಸು ನಮ್ಮ ರಜೆಯ ನಾಲ್ಕು ತಾಸು. ಅದರ ಖರ್ಚು ಬೀಳುವುದು ಬೆಟ್ಟದ ಬುಡದಲ್ಲಿ ಮನೆ ಇರುವವರ ಮೇಲೆ.

ಕಿರಿದಾದ ರಸ್ತೆ ಹೇಗಿರುತ್ತದೆ ಎಂಬುದನ್ನು ನಾವು ಮುಂದೆ ನೋಡಿದೆವು. ನಾರ್ಕಂಡಾದಿಂದ ಕೆಳಗಿಳಿದು, ಲೂಹ್ರಿಯಲ್ಲಿ ಸತ್ಲಜ್ ದಾಟಿ, ಆನಿಯ ಮೇಲೆ ಜಲೋರಿ ಕಣಿವೆಮಾರ್ಗಕ್ಕೆ ಏರುವ ದಾರಿ. ಹೆಸರಿಗೆ ರಾಷ್ಟ್ರೀಯ ಹೆದ್ದಾರಿ 305. ಬಹುಪಾಲು ಒಂದೇ ವಾಹನದ ಅಗಲ. ಜಲೋರಿ 3,120 ಮೀಟರ್ ಎತ್ತರದಲ್ಲಿದೆ. ಕೊನೆಯ ಕೆಲವು ಕಿಲೋಮೀಟರ್ ಮೊದಲನೆಯ ಗೇರಿನಲ್ಲೇ ಹತ್ತಬೇಕು. ಎದುರಿಗೆ ಸರ್ಕಾರಿ ಬಸ್ಸು ಬಂದರೆ ಯಾರು ಹಿಂದೆ ಹೋಗಬೇಕೆಂಬುದಕ್ಕೆ ಅಲ್ಲಿ ಬರೆದಿಡದ ಕಾನೂನಿದೆ. ಏರುವವನಿಗೆ ದಾರಿ, ಬಸ್ಸಿಗೆ ಅದಕ್ಕೂ ಮೊದಲು ದಾರಿ. ಎರಡು ಬಾರಿ ಹಿಂದಕ್ಕೆ ಬಂದೆವು. ಗೆಳೆಯನ ಅಂಗಿ ಆ ಚಳಿಯಲ್ಲೂ ಬೆವರಿತ್ತು. ನನಗೆ ನೆನಪಾದದ್ದು ಆಗುಂಬೆ ಘಾಟಿ. ದೊಡ್ಡ ಬಸ್ಸಿನಿಂದ ಇಳಿದು ಮಿನಿ ಬಸ್ಸು ಹತ್ತಿ, ಹದಿನಾಲ್ಕು ತಿರುವು ಇಳಿದು ಸೋಮೇಶ್ವರ ಸೇರುತ್ತಿದ್ದೆವು. ಎಲ್ಲರೂ ಬೈಯುತ್ತಲೇ ಇಳಿಯುತ್ತಿದ್ದರು. ಆ ಘಾಟಿಯ ಎರಡೂ ಬದಿಯ ಕಾಡು ಇವತ್ತಿಗೂ ರಸ್ತೆಯ ಮೇಲೆ ಕೈ ಚಾಚಿ ನಿಂತಿರುವುದಕ್ಕೆ ಆ ಮಿನಿ ಬಸ್ಸೂ ಒಂದು ಕಾರಣ ಎಂದು ಯಾರೂ ಹೇಳಿದ್ದಿಲ್ಲ.

ಜಲೋರಿಯ ನೆತ್ತಿಯಿಂದ ಸೇರೋಲ್ಸರ್ ಕೆರೆಗೆ ಐದು ಕಿಲೋಮೀಟರ್ ಕಾಲ್ದಾರಿ. ಖರ್ಸು ಎಂದು ಅಲ್ಲಿನವರು ಕರೆಯುವ ಓಕ್ ಮರಗಳ ಕಾಡು, ಕೊಂಬೆಗಳ ಮೇಲೆಲ್ಲ ಹಾವಸೆ. ಕೆರೆ ದಂಡೆಯಲ್ಲಿ ಬೂಢೀ ನಾಗಿನ್ ದೇವಿಯ ಗುಡಿ, ಹರಕೆ ತುಪ್ಪದ್ದು. ಕೆರೆಗೆ ಬಿದ್ದ ಎಲೆಯನ್ನು ಆಭೀ ಎಂಬ ಪುಟ್ಟ ಹಕ್ಕಿ ಎತ್ತಿ ಆಚೆ ಹಾಕುತ್ತದೆ ಎಂದು ನಂಬಿಕೆ. ನೀರು ನಿಜಕ್ಕೂ ಶುದ್ಧವಾಗಿತ್ತು. ದಾರಿಯ ಬದಿಯ ಚಿಪ್ಸ್ ಪೊಟ್ಟಣಗಳನ್ನು ಎತ್ತುವ ಹಕ್ಕಿ ಮಾತ್ರ ಯಾವ ಪುರಾಣದಲ್ಲೂ ಇದ್ದಂತಿಲ್ಲ.

ಟೆಂಟಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇಲ್ಲೂ ನಮ್ಮವರಲ್ಲಿ ಒಂದು ಭ್ರಮೆ ಇದೆ: ಹೋಟೆಲಿಗಿಂತ ಟೆಂಟು ಬೆಟ್ಟಕ್ಕೆ ಹಗುರ ಎಂದು. ಇಬ್ಬರು, ಒಂದು ಟೆಂಟು, ಒಂದು ರಾತ್ರಿಯಾದರೆ ಹೌದು. ಅದೇ ಹುಲ್ಲಿನ ಮೇಲೆ ಆರು ತಿಂಗಳು ನಲವತ್ತು ಟೆಂಟು ನಿಂತರೆ ಅದು ಹೋಟೆಲೇ, ಶೌಚದ ಗುಂಡಿ ಇಲ್ಲದ ಹೋಟೆಲು. ಉತ್ತರಾಖಂಡದ ಹೈಕೋರ್ಟು 2018ರ ಆಗಸ್ಟಿನಲ್ಲಿ ಬುಗ್ಯಾಲ್‌ಗಳಲ್ಲಿ, ಅಂದರೆ ಮರಗಳ ಗೆರೆ ಮುಗಿದ ಮೇಲಿನ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿ, ಹೋಗುವವರ ಸಂಖ್ಯೆಯನ್ನು 200ಕ್ಕೆ ಮಿತಿಗೊಳಿಸಿತು. ಚಾರಣದ ಕಂಪನಿಗಳು ಗೋಳಾಡಿದವು. ಬೇಸಿಗೆಯ ಕೆಲವೇ ತಿಂಗಳು ಬೆಳೆಯುವ ಹುಲ್ಲನ್ನು ತುಳಿದು ಗಟ್ಟಿ ಮಾಡಿದರೆ ಅದು ಮತ್ತೆ ಚಿಗುರಲು ಎಷ್ಟು ಕಾಲ ಬೇಕು ಎಂದು ಕುರುಬನನ್ನು ಕೇಳಿದರೆ ಸಾಕಿತ್ತು, ಕೋರ್ಟು ಬೇಕಿರಲಿಲ್ಲ. ನಾವು ದಾರಿಯಲ್ಲಿ ಕಂಡ ಒಂದು ಬಾಡಿಗೆ ಟೆಂಟುಗಳ ಜಾಗದಲ್ಲಿ ನಡುರಾತ್ರಿ ತನಕ ಪಂಜಾಬಿ ಹಾಡು, ಮೂರು ಕಡೆ ಹಸಿ ಕಟ್ಟಿಗೆಯ ಬೆಂಕಿ. ಒಬ್ಬ ಹುಡುಗ ಕನ್ನಡದಲ್ಲಿ ಫೋನಿನಲ್ಲಿ ಹೇಳುತ್ತಿದ್ದ: "ಸಖತ್ ಪೀಸ್‌ಫುಲ್ ಆಗಿದೆ ಮಗಾ."

ನಮ್ಮ ಟೆಂಟು ಎರಡೇ ರಾತ್ರಿ ಹೊರಬಂತು. ಒಂದು ರಾತ್ರಿ ಶೋಜಾದ ಸೇಬಿನ ತೋಟವೊಂದರಲ್ಲಿ, ಮಾಲೀಕರನ್ನು ಕೇಳಿ. ಇನ್ನೊಂದು ರಾತ್ರಿ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿರುವ ರೋಲಾದಲ್ಲಿ. ಗುಶೈನಿಯಿಂದ ತೀರ್ಥನ್ ನದಿಯ ದಂಡೆ ಹಿಡಿದು ಅಲ್ಲಿಗೆ ನಡೆದೇ ಹೋಗಬೇಕು. ಪರ್ಮಿಟ್ ಬೇಕು, ಜೊತೆಗೆ ಊರಿನ ಗೈಡು ಬೇಕು, ಕಸ ವಾಪಸು ತರಬೇಕು. ಯುನೆಸ್ಕೋ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಆ ಕಾಡಿನೊಳಗೆ ಕಾರು ಹೋಗುವುದಿಲ್ಲ. ಹಾಗಾಗಿಯೇ ನೋಡಲು ಏನಾದರೂ ಉಳಿದಿದೆ. (ತೀರ್ಥಹಳ್ಳಿಯವನಾದ ನನಗೆ ತೀರ್ಥನ್ ಎಂಬ ಹೆಸರೇ ಅರ್ಧ ದಾರಿ ಕರೆದುಕೊಂಡು ಹೋಯಿತು ಎನ್ನಿ.) ಉಳಿದ ರಾತ್ರಿಗಳೆಲ್ಲ ಮನೆಗಳಲ್ಲಿ. ಸಿಡ್ಡು ಎಂಬ, ಹುದುಗಿಸಿದ ಗೋಧಿ ಹಿಟ್ಟಿನೊಳಗೆ ಅಕ್ರೋಟಿನ ಹೂರಣವಿಟ್ಟು ಆವಿಯಲ್ಲಿ ಬೇಯಿಸಿದ ತಿಂಡಿ, ಮೇಲೆ ತುಪ್ಪ. ನಮ್ಮ ಕಡುಬಿನ ದೊಡ್ಡಪ್ಪನ ಮಗ. ಮನೆಯಲ್ಲಿ ಉಳಿದರೆ ದುಡ್ಡು ಆ ಮನೆಗೇ ಹೋಗುತ್ತದೆ. ಶೌಚಾಲಯ ಇರುತ್ತದೆ. ರಾತ್ರಿ ಹತ್ತಕ್ಕೆ ಹಾಡು ನಿಲ್ಲಿಸಿ ಎಂದು ಹೇಳಲು ಒಬ್ಬ ಅಜ್ಜಿ ಇರುತ್ತಾಳೆ.

ಬಂಜಾರ್ ಹತ್ತಿರ ದಾರಿಗೆ ಅಡ್ಡ ಬಂದದ್ದು ದೇವರು. ಕುಲ್ಲು ದಸರೆಗೆ ಕಣಿವೆಯ ದೇವರುಗಳು ಊರವರ ಹೆಗಲ ಮೇಲೆ ಕುಳಿತು ನಡೆದೇ ಹೋಗುತ್ತವೆ. ಡೋಲು, ಉದ್ದನೆಯ ಕೊಂಬು ಕಹಳೆ, ಹಿಂದೆ ನೂರಾರು ಜನ. ಬಂಜಾರಿನ ದೊಡ್ಡ ದೇವರು ಶೃಂಗ ಋಷಿ. ನಮ್ಮ ಶೃಂಗೇರಿಗೆ ಹೆಸರು ಕೊಟ್ಟ, ಕಿಗ್ಗದಲ್ಲಿ ಮಳೆ ಬೇಡಿಸಿಕೊಳ್ಳುವ ಋಷ್ಯಶೃಂಗನೇ. ನಾವು ಎದುರಾದದ್ದು ಆತನಿಗಲ್ಲ, ಬೇರೆ ಹಳ್ಳಿಯ ದೇವರಿಗೆ. ಗೆಳೆಯ ಎಂಜಿನ್ ಆಫ್ ಮಾಡಿದ. ಮುಕ್ಕಾಲು ತಾಸು. ಹಿಂದಿನ ಕಾರುಗಳ ಹಾರ್ನು ಐದು ನಿಮಿಷ ಬಡಕೊಂಡು ಸುಮ್ಮನಾಯಿತು. ನಾಲ್ಕು ಪಥ ಆದ ಮೇಲೆ ಈ ದೇವರು ಯಾವ ಪಥದಲ್ಲಿ ನಡೆಯಬೇಕು?

ಈಗ ಎದುರು ವಾದ. ಬಂಜಾರಿನ ಅಂಗಡಿಯಾತ ನನಗೆ ಮುಖಕ್ಕೇ ಹೇಳಿದ: "ನೀವು ನಾಲ್ಕು ದಿನ ಇದ್ದು ಹೋಗುವವರು. ನನ್ನ ಹೆಂಡತಿಗೆ ಹೆರಿಗೆ ನೋವು ಬಂದಾಗ ಕುಲ್ಲು ಮುಟ್ಟಬೇಕಾದವನು ನಾನು." ಅವನ ಸೇಬಿನ ಪೆಟ್ಟಿಗೆಗಳೂ ಕೊಳೆಯುವ ಮೊದಲು ಮಂಡಿ ಮುಟ್ಟಬೇಕು. ಇದಕ್ಕೆ ಎದುರಾಡುವ ಹಕ್ಕು ನನಗಿಲ್ಲ, ಎದುರಾಡುವ ಅಗತ್ಯವೂ ಇಲ್ಲ. ಅವನಿಗೆ ಬೇಕಾದದ್ದು ಹನ್ನೆರಡು ತಿಂಗಳೂ ತೆರೆದಿರುವ ರಸ್ತೆ. ನೀರು ಹರಿದುಹೋಗಲು ಚರಂಡಿ, ಒಳ್ಳೆಯ ತಡೆಗೋಡೆ, ಎದುರುಬದುರು ವಾಹನ ದಾಟಲು ಅಲ್ಲಲ್ಲಿ ಅಗಲವಾದ ಜಾಗ, ಹಿಮ ತೆಗೆಯುವ ಯಂತ್ರ. ಇನ್ನೂ ಒಳ್ಳೆಯದೆಂದರೆ ಬಂಜಾರಿನಲ್ಲೇ ಹೆರಿಗೆ ಡಾಕ್ಟರು. ಇದ್ಯಾವುದಕ್ಕೂ ಬೆಟ್ಟವನ್ನು ಹತ್ತು ಮೀಟರ್ ಕಡಿಯಬೇಕಿಲ್ಲ. 2023ರ ಜುಲೈನಲ್ಲಿ ಬಿಯಾಸ್ ಉಕ್ಕಿದಾಗ ಮಂಡಿ–ಕುಲ್ಲು–ಮನಾಲಿಯ ಅಗಲ ರಸ್ತೆ ಹಲವು ಕಡೆ ನದಿಯ ಪಾಲಾಯಿತು. ಮುಚ್ಚಿಹೋದ ಹೆದ್ದಾರಿಯಲ್ಲಿ ಎಷ್ಟು ಪಥ ಇದ್ದವು ಎಂಬುದರಿಂದ ಆಂಬುಲೆನ್ಸಿಗೆ ಏನಾಗಬೇಕು? ರೋಹತಾಂಗದ ಕೆಳಗಿನ ಅಟಲ್ ಸುರಂಗದ ಮಾತು ಬೇರೆ. 2020ರ ಅಕ್ಟೋಬರಿನಲ್ಲಿ ಅದು ತೆರೆದ ಮೇಲೆ ಲಾಹೌಲದ ಜನ ಚಳಿಗಾಲದಲ್ಲೂ ಆಸ್ಪತ್ರೆ ಮುಟ್ಟುತ್ತಾರೆ. ಅದನ್ನು ಬೈಯುವವನು ಒಂದು ಜನವರಿಯನ್ನು ಕೇಲಾಂಗದಲ್ಲಿ ಕಳೆಯಲಿ. ಆದರೆ ಅದೇ ಸುರಂಗದ ಆಚೆ ಬಾಯಲ್ಲಿರುವ ಸಿಸ್ಸು ಊರಿನವರು ತಮ್ಮ ಚಳಿಗಾಲದ ಹಬ್ಬಗಳ ಹೊತ್ತಿಗೆ ಪ್ರವಾಸಿಗರಿಗೆ ಬಾಗಿಲು ಹಾಕಿದ್ದೂ ಇದೆ. ಸುರಂಗ ಅವರದು, ದಟ್ಟಣೆ ನಮ್ಮದು.

ಹಿಮಾಲಯ ಎಲ್ಲೋ ದೂರದ್ದು, ಎಳೆಯ ಬೆಟ್ಟ, ಸಡಿಲ ಮಣ್ಣು, ನಮ್ಮ ಸಹ್ಯಾದ್ರಿ ಗಟ್ಟಿ ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಮುಂಬಯಿಯಿಂದ ಉಡುಪಿ, ಮಂಗಳೂರಿಗೆ ಕಾರಿನಲ್ಲಿ ಊರಿಗೆ ಹೋಗುವ ಓದುಗರಿಗೆ ಅಂಕೋಲಾ ಹತ್ತಿರದ ಶಿರೂರು ಗೊತ್ತು. ಹೆದ್ದಾರಿ 66ನ್ನು ಅಗಲ ಮಾಡಲು ಗುಡ್ಡ ಕಡಿದ ಜಾಗದಲ್ಲಿ 2024ರ ಜುಲೈ 16ರಂದು ಗುಡ್ಡ ಇಳಿಯಿತು. ದಾರಿ ಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬವೇ ಹೋಯಿತು. ನಿಂತಿದ್ದ ಲಾರಿ ಗಂಗಾವಳಿಯ ತಳ ಸೇರಿ, ಚಾಲಕನ ದೇಹ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಅಲ್ಲಿ ಚಹಾ ಕುಡಿದವರು ನಮ್ಮಲ್ಲೇ ಎಷ್ಟೋ ಜನ ಇರಬಹುದು. ಆ ರಸ್ತೆಯ ಬಗ್ಗೆಯೂ ನಮ್ಮ ಒಂದೇ ದೂರು ಇದ್ದದ್ದು, ಕೆಲಸ ಯಾಕಿಷ್ಟು ನಿಧಾನ ಎಂದು.

ಹಾಗಾದರೆ ಬೆಟ್ಟಕ್ಕೆ ಹೋಗಲೇಬಾರದೇ? ಹೋಗಲೇಬೇಡಿ ಎನ್ನುವ ಮಡಿವಂತರ ಜೊತೆ ನಾನಿಲ್ಲ. ಹದಿನೆಂಟನೇ ಮಹಡಿಯಲ್ಲಿ ಬದುಕುವ ನಮಗೆ ವರ್ಷಕ್ಕೊಮ್ಮೆ ಕಾಲಿಗೆ ಏರು ಸಿಗಬೇಕು, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ. ನನ್ನ ತಕರಾರು ದಿನಗಳ ಲೆಕ್ಕದ್ದು. ಮೂರು ದಿನ ಇದ್ದರೆ ಮೂರು ದಿನದಷ್ಟೇ ದೂರ ಹೋಗಿ. ಒಂಬತ್ತು ದಿನ ಕೂಡಿಸಿಕೊಂಡು ಒಂದೇ ಕಣಿವೆಯಲ್ಲಿ ಕೂತುಬಿಡಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಜಾತ್ರೆಯಂತೆ ಜನ ಸೇರಿದ್ದು, ಆಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತಂದದ್ದು ನೆನಪಿರಬಹುದು. ಆ ಬೆಟ್ಟ ಮಂಗಳವಾರ ಎಲ್ಲಿಗೂ ಹೋಗುವುದಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟರಾಗಿದ್ದ, ನಮ್ಮ ಹಾಗೆಯೇ ಹೊರನಾಡಿನಲ್ಲಿ ಬಾಳಿದ ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟ ಸುತ್ತಿದರು. 'ಹಸುರು ಹೊನ್ನು' ಅದರ ಫಲ, 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಅದನ್ನು ಓದಿದವರಿಗೆ ನೆನಪಿರುವುದು ಗಿಡಗಳು, ಹುಡುಗರ ತುಂಟಾಟ, ಮೇಷ್ಟರ ನಗು. ಒಂದೊಂದು ಗಿಡದ ಮುಂದೆ ನಿಂತವರಿಗೆ ದಿನಕ್ಕೆಷ್ಟು ಕಿಲೋಮೀಟರ್ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ನಮ್ಮ ಈಗಿನ ಪ್ರವಾಸ ಬರಹಗಳಲ್ಲಿ ಕಾರಿನ ಮಾಡೆಲ್ಲು, ಮೈಲೇಜು, ತಲುಪಿದ ಸಮಯ ಇರುತ್ತದೆ. ಒಂದು ಮರದ ಹೆಸರು ಇರುವುದಿಲ್ಲ.

ಜುಲೈ, ಆಗಸ್ಟಿನಲ್ಲಿ ಹಿಮಾಲಯಕ್ಕೆ ಹೋಗಬೇಡಿ, ಆ ಎರಡು ತಿಂಗಳು ರಸ್ತೆಯನ್ನು ಅಲ್ಲಿನವರಿಗೆ ಬಿಟ್ಟುಕೊಡಿ. ಕಾರನ್ನು ಮನೆಯಲ್ಲೇ ಬಿಡಿ. ದೆಹಲಿಯ ಕಾಶ್ಮೀರಿ ಗೇಟಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಔಟ್, ಅಲ್ಲಿಂದ ಬಂಜಾರಿಗೆ ಲೋಕಲ್ ಬಸ್ಸು. ವಾಪಸು ಬರುವಾಗ ಇದನ್ನೇ ಹೇಳಿದ್ದಕ್ಕೆ ಗೆಳೆಯ, "ಆ ಬಸ್ಸೂ ಅದ ಫೋರ್ ಲೇನ್ ಮ್ಯಾಲೇ ಬರೂದಲೇ" ಅಂದ. ಬರುತ್ತದೆ. ಒಂದು ಬಸ್ಸಿನಲ್ಲಿ ನಲವತ್ತು ಜನ. ನಮ್ಮ ಹಾಗೆ ಇಬ್ಬಿಬ್ಬರು ಕೂತರೆ ಅದೇ ನಲವತ್ತು ಜನಕ್ಕೆ ಇಪ್ಪತ್ತು ಕಾರು. ಎಷ್ಟು ಪಥ ಬೇಕು ಎಂಬ ಲೆಕ್ಕವನ್ನು ಅವನೇ ಹಾಕಲಿ, ಓದಿದ್ದು ಅದನ್ನೇ. ಮೇ ತಿಂಗಳಿಗೆ ಎರಡು ಸೀಟು ಬುಕ್ ಮಾಡುತ್ತೇನೆ ಎಂದಿದ್ದೇನೆ. ಲಗೇಜಿನಲ್ಲಿ ಚಟ್ನಿಪುಡಿಗೆ ಜಾಗ ಇದ್ದರೆ ಬರುತ್ತಾನಂತೆ.